ಚಂಬಲ್ ಕೊರಕಲಿನಿಂದ ಬಂದೀಖಾನೆಯ ಬಾಗಿಲಿಗೆ

1959ನೆಯ ಇಸವಿಯ ನವೆಂಬರ್ 14. ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಅಂದು ಎಪ್ಪತ್ತು ತುಂಬಿತು. ದೇಶದ ನಾಲ್ಕು ದಿಕ್ಕುಗಳಿಂದಲೂ ಶುಭಾಶಯಗಳು ಬಂದ ಆ ದಿನ ಮಧ್ಯಪ್ರದೇಶದ ಪೋಲೀಸ್ ಮುಖ್ಯಸ್ಥರು ಅವರಿಗೆ ಒಪ್ಪಿಸಿದ ಕಾಣಿಕೆ ಹೂವೂ ಅಲ್ಲ, ಹಾರವೂ ಅಲ್ಲ, ಅದೊಂದು ವಾರ್ತೆ. ಚಂಬಲ್ ಕಣಿವೆಯ ಹಳ್ಳಿಗಳನ್ನು ನಡುಗಿಸಿದ್ದ ಗಬ್ಬರ್ ಸಿಂಗನು ಹಿಂದಿನ ದಿನ ಪೋಲೀಸರ ಗುಂಡಿಗೆ ಬಲಿಯಾಗಿದ್ದನು.

ಗಬ್ಬರ್ ಸಿಂಗನ ಕ್ರೌರ್ಯಕ್ಕೆ ಒಂದು ವಿಚಿತ್ರವಾದ ಗುರುತಿದ್ದಿತು. ಸಿಕ್ಕಿಬಿದ್ದವರ ಮೂಗನ್ನು ಕೊಯ್ಯುವುದು ಅವನ ಪದ್ಧತಿ. ನೂರಕ್ಕೂ ಮಿಕ್ಕಿದ ಮೂಗುಗಳನ್ನು ದೇವಿಗೆ ಅರ್ಪಿಸಿದರೆ ಪೋಲೀಸರ ಗುಂಡು ತನಗೆ ತಗಲದೆಂದು ಅವನು ನಂಬಿದ್ದನೆಂದು ಪ್ರತೀತಿ. ಪೋಲೀಸರಿಗೆ ಸುಳಿವು ಕೊಟ್ಟವರೆಂದು ಸಂಶಯ ಬಂದರೂ ಸಾಕು, ಊರವರಿಗೆ ಉಳಿಗಾಲವಿರಲಿಲ್ಲ. ಹೀಗಾಗಿ ಅವನ ತಲೆಗೆ ಸರಕಾರವು ಸಾವಿರಗಟ್ಟಲೆ ರೂಪಾಯಿಗಳ ಬಹುಮಾನವನ್ನು ಸಾರಿದ್ದರೂ ಬಾಯಿ ಬಿಡುವವರು ಇರಲಿಲ್ಲ.

ಕೊನೆಗೆ ಬಾಯಿ ಬಿಟ್ಟವನು ಹಣಕ್ಕಾಗಿ ಬಂದವನಲ್ಲ. ಡೆಪ್ಯೂಟಿ ಸೂಪರಿಂಟೆಂಡೆಂಟ್ ಆರ್. ಪಿ. ಮೋದಿ ಎಂಬ ತರುಣ ಅಧಿಕಾರಿಯು ಹಳ್ಳಿಯೊಂದರಲ್ಲಿ ಬೆಂಕಿ ಬಿದ್ದಾಗ ಉರಿಯ ನಡುವೆ ನುಗ್ಗಿ ಮಗುವೊಂದನ್ನು ಎತ್ತಿ ತಂದಿದ್ದರು. ಆ ಮಗುವಿನ ತಂದೆಯೇ ಪ್ರಾಣಭಯವನ್ನು ಬದಿಗಿಟ್ಟು ಗಬ್ಬರ್ ಸಿಂಗನ ಜಾಡನ್ನು ತಿಳಿಸಿದನೆಂದು ಈ ಪ್ರಕರಣದ ವೃತ್ತಾಂತವು ಹೇಳುತ್ತದೆ. ನವೆಂಬರ್ 13ರಂದು ಭಿಂಡ್ ಜಿಲ್ಲೆಯ ಬಯಲಿನಲ್ಲಿ ಗುಂಪನ್ನು ಸುತ್ತುಗಟ್ಟಲಾಯಿತು. ಬಹುಮಾನದ ಹಣ ಮಾಡಲಾರದ ಕೆಲಸವನ್ನು ಒಂದು ಮಗುವಿನ ಜೀವ ಮಾಡಿತ್ತು.

ಗಬ್ಬರ್ ಎಂಬ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ ಹಿಂದೀ ಚಿತ್ರದ ಖಳನಾಯಕನು ಆ ಹೆಸರನ್ನು ಎರವಲು ಪಡೆದನು. ಚಿತ್ರೀಕರಣ ನಡೆದದ್ದು ಬೆಂಗಳೂರಿಗೆ ಸಮೀಪದ ರಾಮನಗರದ ಬಂಡೆಗಳ ನಡುವೆ. ಚಂಬಲ್ ತೀರದ ನಿಜವಾದ ಗಬ್ಬರ್ ಸತ್ತ ಹದಿನಾರು ವರ್ಷಗಳ ಮೇಲೆ ಅವನ ಹೆಸರು ಮಾತ್ರ ಕಾವೇರಿ ಸೀಮೆಯ ಬೆಟ್ಟಗಳಲ್ಲಿ ಮರುಹುಟ್ಟು ಪಡೆಯಿತು. ಆದರೆ ಅವನ ಸಾವಿನ ವಾರ್ತೆಯನ್ನು ನೆಹರೂ ಅವರಿಗೆ ಮುಟ್ಟಿಸಿದ ಪೋಲೀಸ್ ಮುಖ್ಯಸ್ಥರು ಯಾರೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಅವರ ಹೆಸರು ಖುಸ್ರೋ ಫರಾಮುರ್ಜ್ ರುಸ್ತಮ್‌ಜಿ.

ನೆಹರೂ ಅವರ ನೆರಳು

ರುಸ್ತಮ್‌ಜಿಯವರು ಹುಟ್ಟಿದ್ದು 1916ರಲ್ಲಿ, ನಾಗಪುರಕ್ಕೆ ಹತ್ತಿರದ ಕಾಮ್ಠಿ ಎಂಬ ದಂಡಿನ ಊರಿನಲ್ಲಿ, ಒಂದು ಪಾರ್ಸಿ ಕುಟುಂಬದಲ್ಲಿ. 1938ರಲ್ಲಿ ಅವರು ಇಂಡಿಯನ್ ಪೋಲೀಸ್ ಸೇವೆಯನ್ನು ಸೇರಿದಾಗ ಆಳುತ್ತಿದ್ದವರು ಬ್ರಿಟಿಷರು. ಒಂಬತ್ತು ವರ್ಷಗಳ ಮೇಲೆ ದೇಶ ಸ್ವತಂತ್ರವಾಯಿತು. ಸತ್ಯಾಗ್ರಹಿಗಳನ್ನು ಬಂಧಿಸಲೆಂದು ಬೆಳೆಸಲಾಗಿದ್ದ ಪಡೆಯು ಅದೇ ಸತ್ಯಾಗ್ರಹಿಗಳ ಸರಕಾರಕ್ಕೆ ಸಲಾಮು ಮಾಡಬೇಕಾಯಿತು. ಆ ಬದಲಾವಣೆಯನ್ನು ಮೈಯ ಮೇಲೆ ಅನುಭವಿಸಿದ ಪೀಳಿಗೆ ಅವರದು.

1952ರಿಂದ 1958ರವರೆಗೆ ಅವರು ಪ್ರಧಾನಿಯ ಮುಖ್ಯ ಭದ್ರತಾಧಿಕಾರಿಯಾಗಿದ್ದರು. ನೆಹರೂ ಅವರನ್ನು ಕಾಯುವುದು ಸುಲಭದ ಕೆಲಸವಾಗಿರಲಿಲ್ಲ. ಜನಸಾಗರವನ್ನು ಕಂಡೊಡನೆ ಕಾವಲಿನ ಕಟ್ಟನ್ನು ದಾಟಿ ಅದರೊಳಗೆ ಹೊಕ್ಕುಬಿಡುವುದು ಆ ನಾಯಕರ ಸ್ವಭಾವ. ತಮ್ಮ ಸುತ್ತ ಪೋಲೀಸರು ಕಾಣಿಸಿದರೆ ಅವರಿಗೆ ಸಿಡುಕು. ಜನರನ್ನು ನೂಕದೆ, ನಾಯಕನನ್ನು ನೋಯಿಸದೆ, ಎರಡೂ ಕಡೆಯ ಕೋಪವನ್ನು ನುಂಗಿಕೊಂಡು ನಿಲ್ಲುವ ವಿದ್ಯೆಯನ್ನು ರುಸ್ತಮ್‌ಜಿಯವರು ಆರು ವರ್ಷ ಕಲಿತರು. ರಾತ್ರಿ ಬಿಡುವಾದಾಗ ದಿನಚರಿ ಬರೆಯುವ ಅಭ್ಯಾಸ ಅವರಿಗಿದ್ದಿತು. ಅವರ ಕಾಲಾನಂತರ ಆ ಬರಹಗಳನ್ನು ಆರಿಸಿ ಸಂಪಾದಿಸಿದ ಪುಸ್ತಕಗಳು ಹೊರಬಂದವು. ನೆಹರೂ ಅವರ ನೆರಳಾಗಿದ್ದ ದಿನಗಳೂ ಚಂಬಲಿನ ದಿನಗಳೂ ಇಂದು ನಮಗೆ ಇಷ್ಟು ಸ್ಪಷ್ಟವಾಗಿ ತಿಳಿದಿರುವುದು ಬಹುಮಟ್ಟಿಗೆ ಅವುಗಳಿಂದ.

1958ರಲ್ಲಿ ಅವರು ಮಧ್ಯಪ್ರದೇಶದ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಕಗೊಂಡರು. ಅಂದಿನ ದಿನಗಳಲ್ಲಿ ರಾಜ್ಯದ ಪೋಲೀಸ್ ಪಡೆಗೆ ಅದೇ ಅತ್ಯುನ್ನತ ಹುದ್ದೆ. ಆ ಹುದ್ದೆಯ ಜೊತೆಗೆ ಅವರ ಪಾಲಿಗೆ ಬಂದದ್ದು ಚಂಬಲ್ ಕಣಿವೆ.

ಮಣ್ಣಿನ ಜಟಿಲ ಜಾಲ

ವಿಂಧ್ಯದ ಮಗ್ಗುಲಲ್ಲಿ ಮಹೂ ಸಮೀಪ ಹುಟ್ಟುವ ಚಂಬಲ್ ನದಿಯು ಸುಮಾರು 960 ಕಿಲೋಮೀಟರ್ ಹರಿದು ಉತ್ತರಪ್ರದೇಶದ ಇಟಾವಾ ಸೀಮೆಯಲ್ಲಿ ಯಮುನೆಯನ್ನು ಸೇರುತ್ತದೆ. ಶತಮಾನಗಳ ಮಳೆಯ ನೀರು ನದಿಯ ಇಕ್ಕೆಲದ ಮೆತ್ತನೆಯ ಮಣ್ಣನ್ನು ಕೊರೆದು ಕೊರೆದು ಸಾವಿರಾರು ಕೊರಕಲುಗಳನ್ನು ನಿರ್ಮಿಸಿದೆ. ಇವುಗಳನ್ನು ಅಲ್ಲಿಯವರು ‘ಬೀಹಡ್’ ಎನ್ನುತ್ತಾರೆ. ಒಂದು ಕೊರಕಲು ಇನ್ನೊಂದಕ್ಕೆ ತೆರೆಯುತ್ತದೆ, ಅದು ಮತ್ತೆ ನಾಲ್ಕಾಗಿ ಒಡೆಯುತ್ತದೆ. ಮುಳ್ಳುಕಂಟಿಗಳು ದಾರಿಯನ್ನು ಮುಚ್ಚುತ್ತವೆ. ಹತ್ತು ಮಾರು ದೂರದಲ್ಲಿ ಅಡಗಿದವನು ಹತ್ತು ಹರದಾರಿ ದೂರದಲ್ಲಿದ್ದಂತೆಯೇ ಸರಿ.

ಪ್ರಕೃತಿಯ ಈ ಕೋಟೆಗೆ ಮನುಷ್ಯನು ಇನ್ನೊಂದು ಅನುಕೂಲವನ್ನು ಕೂಡಿಸಿದನು. ಮಧ್ಯಪ್ರದೇಶ, ಉತ್ತರಪ್ರದೇಶ, ರಾಜಸ್ಥಾನಗಳ ಗಡಿಗಳು ಇಲ್ಲಿಯೇ ಸಂಧಿಸುತ್ತವೆ. ಭಿಂಡ್ ಅಥವಾ ಮೊರೇನಾ ಜಿಲ್ಲೆಯಲ್ಲಿ ಕೊಲೆ ಮಾಡಿದವನು ನದಿಯನ್ನು ದಾಟಿದರೆ ಸಾಕು, ಬೆನ್ನಟ್ಟಿ ಬಂದ ಪೋಲೀಸರ ಅಧಿಕಾರ ದಡದಲ್ಲಿಯೇ ನಿಂತುಬಿಡುತ್ತಿತ್ತು.

ಆದರೆ ಕೊರಕಲುಗಳು ಡಕಾಯಿತರನ್ನು ಅಡಗಿಸಬಲ್ಲವೇ ಹೊರತು ಹುಟ್ಟಿಸಲಾರವು. ಹುಟ್ಟಿಸುತ್ತಿದ್ದುದು ಊರಿನ ಹಗೆತನ. ಹೊಲದ ಬದುವಿನ ವ್ಯಾಜ್ಯ, ಜಾತಿಯ ಮೇಲಾಟ, ಮಾನಕ್ಕೆ ಬಿದ್ದ ಪೆಟ್ಟು, ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷಿ, ಠಾಣೆಯಲ್ಲಿ ಉಳ್ಳವರ ಪರವಾದ ಪಕ್ಷಪಾತ. ಹೀಗೆ ಏನೋ ಒಂದು ಕಾರಣಕ್ಕೆ ರಕ್ತ ಹರಿಯುತ್ತಿತ್ತು. ಕೊಂದವನು ಬಂದೂಕಿನೊಡನೆ ಬೀಹಡ್ ಸೇರುತ್ತಿದ್ದನು. ಸತ್ತವನ ಮಗನು ಸೇಡಿಗಾಗಿ ಇನ್ನೊಂದು ಗುಂಪನ್ನು ಸೇರುತ್ತಿದ್ದನು. ಇಂತಹವರನ್ನು ಅಲ್ಲಿಯ ಜನರು ಡಾಕು ಎನ್ನುತ್ತಿರಲಿಲ್ಲ, ‘ಬಾಗಿ’ ಎನ್ನುತ್ತಿದ್ದರು. ಬಾಗಿ ಎಂದರೆ ಬಂಡಾಯಗಾರ. ಆ ಮಾತಿನಲ್ಲಿಯೇ ಅರ್ಧ ಗೌರವವಿದ್ದಿತು.

ಈ ಗೌರವದ ಬಹುದೊಡ್ಡ ಪಾಲು ಸಂದದ್ದು ಆಗ್ರಾ ಜಿಲ್ಲೆಯ ಖೇಡಾ ರಾಠೋಡ್ ಗ್ರಾಮದ ಮಾನ್ ಸಿಂಗನಿಗೆ. ಊರಿನ ವೈಷಮ್ಯದಿಂದ ಬೀಹಡ್ ಸೇರಿದ ಅವನು ಬಡವರ ಮದುವೆಗಳಿಗೆ ಹಣ ಕೊಡುವ ದೊರೆಯೆಂದು ಹಾಡಿಸಿಕೊಂಡನು. 1955ರಲ್ಲಿ ಭಿಂಡ್ ಜಿಲ್ಲೆಯಲ್ಲಿ ಅವನು ತನ್ನ ಮಗ ಸುಬೇದಾರ್ ಸಿಂಗನೊಡನೆ ಗುಂಡಿಗೆ ಬಲಿಯಾದನು. ಅವನ ಊರಿನಲ್ಲಿ ಅವನಿಗೊಂದು ಗುಡಿಯೇ ಎದ್ದಿತು. ಕೊಲೆಗಳ ಲೆಕ್ಕವನ್ನು ಮರೆತು ದಾನದ ಲೆಕ್ಕವನ್ನು ನೆನಪಿಡುವ ಜನರ ನಡುವೆ ಪೋಲೀಸನು ಏನು ಮಾಡಬಲ್ಲನು?

ಗುಂಡಿನ ಉತ್ತರ

ರುಸ್ತಮ್‌ಜಿಯವರ ಉತ್ತರ ನೇರವಾಗಿದ್ದಿತು. ಡಕಾಯಿತನು ಬಂಡಾಯಗಾರನಲ್ಲ, ಅಪರಾಧಿ. ಅವನು ಹೆಚ್ಚಾಗಿ ಕೊಲ್ಲುವುದು ಸಾಹುಕಾರರನ್ನಲ್ಲ, ತನ್ನಂತಹ ಹಳ್ಳಿಗರನ್ನು. ಒತ್ತೆಹಣಕ್ಕಾಗಿ ಹಿಡಿದೊಯ್ದ ಮಗನನ್ನು ಬಿಡಿಸಿಕೊಳ್ಳಲು ಹೊಲ ಮಾರಿದವನಿಗೆ ಅವನು ದೊರೆಯಾಗಿ ಕಾಣಲಾರನು. ಆದುದರಿಂದ ಮೊದಲು ಗುಂಪುಗಳ ಬೆನ್ನು ಮುರಿಯಬೇಕು. ಕಾನೂನೆಂಬುದು ಇದೆಯೆಂದು ಹಳ್ಳಿಗನಿಗೆ ತೋರಬೇಕು.

ಮಾನ್ ಸಿಂಗನ ತರುವಾಯ ಗುಂಪಿನ ಒಡೆತನ ವಹಿಸಿದ್ದ ರೂಪಾ 1959ರಲ್ಲಿ ಹತನಾದನು. ಅದೇ ವರ್ಷದ ಕೊನೆಗೆ ಗಬ್ಬರ್ ಸಿಂಗನ ಸರದಿ. ಆದರೆ ಈ ಗೆಲುವಿಗೆ ತೆತ್ತ ಬೆಲೆ ಅಲ್ಪವಲ್ಲ. ಕೊರಕಲಿನ ಕತ್ತಲಲ್ಲಿ ಪ್ರಾಣ ತೆತ್ತ ಪೇದೆಗಳಿಗೆ ಗುಡಿ ಕಟ್ಟಿದವರಿಲ್ಲ, ಅವರ ಮೇಲೆ ಹಾಡು ಹೇಳಿದವರೂ ಇಲ್ಲ. ಈ ಮಾತು ಮುಂದಿನ ವಿವಾದಕ್ಕೆ ಹಿನ್ನೆಲೆಯಾಯಿತು.

ಸಂತನೂ ಪೋಲೀಸನೂ

ಮಾನ್ ಸಿಂಗನ ಇನ್ನೊಬ್ಬ ಮಗ ತಹಸೀಲ್ದಾರ್ ಸಿಂಗನು ನೈನಿ ಸೆರೆಮನೆಯಲ್ಲಿ ಮರಣದಂಡನೆಯನ್ನು ಎದುರುನೋಡುತ್ತಿದ್ದನು. ಅವನು ಆಚಾರ್ಯ ವಿನೋಬಾ ಭಾವೆಯವರಿಗೆ ಬರೆದು, ಬೀಹಡ್‌ಗೆ ಬಂದು ತನ್ನ ಸಂಗಡಿಗರ ಮನಸ್ಸನ್ನು ತಿರುಗಿಸಬೇಕೆಂದು ಬೇಡಿಕೊಂಡನು. ಭೂದಾನದ ಪಾದಯಾತ್ರೆಯಲ್ಲಿದ್ದ ವಿನೋಬಾ ಅವರು ಒಪ್ಪಿದರು. ಅದೇ ಸೀಮೆಯವರಾದ ಮೇಜರ್ ಜನರಲ್ ಯದುನಾಥ್ ಸಿಂಗರು ಕೊರಕಲುಗಳನ್ನು ಹೊಕ್ಕು ಡಕಾಯಿತರೊಡನೆ ಮಾತಾಡಿದರು. 1960ರ ಮೇ ತಿಂಗಳ ಉರಿಬಿಸಿಲಿನಲ್ಲಿ ವಿನೋಬಾ ಅವರು ಹಳ್ಳಿಯಿಂದ ಹಳ್ಳಿಗೆ ನಡೆದರು. ಇಪ್ಪತ್ತು ಮಂದಿ ಬಂದು ಅವರ ಪಾದದ ಬಳಿ ಬಂದೂಕುಗಳನ್ನಿಟ್ಟರು. ಅವರಲ್ಲಿ ಲುಕ್ಕಾ ಎಂದು ಹೆಸರಾದ ಲೋಕಮನ್ ದೀಕ್ಷಿತನೂ ಒಬ್ಬನು.

ದೇಶವು ಬೆರಗಾಯಿತು. ಅಂಗುಲಿಮಾಲನ ಕಥೆಯನ್ನು ಪುಸ್ತಕದಲ್ಲಿ ಓದಿದ್ದವರಿಗೆ ಅದೇ ಕಥೆ ಕಣ್ಣೆದುರಿಗೆ ನಡೆದಂತಾಯಿತು. ಆದರೆ ಮಧ್ಯಪ್ರದೇಶದ ಪೋಲೀಸ್ ಮುಖ್ಯಸ್ಥರು ಸಂತೋಷಪಡಲಿಲ್ಲ. ಅಷ್ಟೇ ಅಲ್ಲ, ತಮ್ಮ ಅಸಮ್ಮತಿಯನ್ನು ಬಹಿರಂಗವಾಗಿಯೇ ನುಡಿದರು. ವಿನೋಬಾ ಅವರಂತಹ ಸಂತರ ಮಾತಿಗೆ ಸರಕಾರಿ ಅಧಿಕಾರಿಯೊಬ್ಬನು ಎದುರಾಡುವುದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ರುಸ್ತಮ್‌ಜಿ ಎಂಬ ಹೆಸರು ಇಲಾಖೆಯ ಕಡತಗಳಿಂದ ಹೊರಬಂದು ಸಾರ್ವಜನಿಕರ ನಾಲಿಗೆಯ ಮೇಲೆ ನಿಂತದ್ದು ಈ ಚರ್ಚೆಯಿಂದ.

ಅವರ ಆಕ್ಷೇಪಣೆಯಲ್ಲಿ ತಿರುಳಿದ್ದಿತು. ಗಂಡನನ್ನು ಕಳೆದುಕೊಂಡ ಹೆಂಗಸು, ಕೊಂದವನ ಕೊರಳಿಗೆ ಹಾರ ಬೀಳುವುದನ್ನು ನೋಡಿ ಏನೆಂದುಕೊಂಡಾಳು? ವರ್ಷಗಟ್ಟಲೆ ಬೆನ್ನಟ್ಟಿ ಗುಂಪುಗಳನ್ನು ಸೊರಗಿಸಿದ ಪೇದೆಯ ಧೈರ್ಯ ಏನಾದೀತು? ಬಂದೂಕು ಹಿಡಿದವನಿಗೆ ಸಂತನ ದರ್ಶನ, ಹಿಡಿಯದ ಬಡವನಿಗೆ ಯಾರ ದರ್ಶನವೂ ಇಲ್ಲವೆಂದರೆ ಊರಿನ ಹುಡುಗರು ಏನನ್ನು ಕಲಿತಾರು? ಈ ಪ್ರಶ್ನೆಗಳಿಗೆ ಭಕ್ತಿಯಿಂದ ಉತ್ತರ ಹೇಳಲು ಸಾಧ್ಯವಿರಲಿಲ್ಲ.

ವಿನೋಬಾ ಅವರ ಪಕ್ಷದಲ್ಲಿಯೂ ತಿರುಳಿದ್ದಿತು. ಅವರು ಯಾರಿಗೂ ಕ್ಷಮೆಯ ಆಸೆ ತೋರಿಸಿರಲಿಲ್ಲ. ಶರಣಾದವರು ಸೆರೆಮನೆಗೆ ಹೋದರು, ನ್ಯಾಯಾಲಯಗಳ ಮುಂದೆ ನಿಂತರು. ತಹಸೀಲ್ದಾರ್ ಸಿಂಗನ ಮರಣದಂಡನೆ ಜೀವಾವಧಿ ಶಿಕ್ಷೆಗೆ ಇಳಿಯಿತು. ಕೊಲ್ಲುವುದರಿಂದ ಇನ್ನೊಂದು ಸೇಡಿನ ಬೀಜ ಬೀಳುತ್ತದೆ, ಮನ ತಿರುಗಿದರೆ ಆ ಸರಪಳಿ ಕಡಿಯುತ್ತದೆ ಎಂಬುದು ಅವರ ನಂಬಿಕೆ.

ಮುಂದಿನ ವರ್ಷಗಳು ಇಬ್ಬರಿಗೂ ಪೂರ್ಣ ಜಯವನ್ನು ಕೊಡಲಿಲ್ಲ. ಹಳೆಯ ನಾಯಕರು ಅಳಿದರು. ಅವರ ಸ್ಥಾನಕ್ಕೆ ಮೋಹರ್ ಸಿಂಗ್, ಮಾಧೋ ಸಿಂಗರಂತಹ ಹೊಸ ನಾಯಕರು ಬಂದರು. ಗುಂಡೂ ನಿಂತಿತು, ಉಪದೇಶವೂ ನಿಂತಿತು. ಹೊಲದ ಬದುವಿನ ಜಗಳ ಮಾತ್ರ ಹಾಗೆಯೇ ಉಳಿಯಿತು.

ಬೆಂಗಳೂರಿನ ಸುಬ್ಬರಾವ್

1965ರಲ್ಲಿ ರುಸ್ತಮ್‌ಜಿಯವರನ್ನು ದೆಹಲಿ ಕರೆಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಕಚ್ಛ್ ಗಡಿಯ ಪೋಲೀಸ್ ಕಾವಲಿನ ಮೇಲೆ ಪಾಕಿಸ್ತಾನದ ಸೈನ್ಯವು ಬಿದ್ದಾಗ, ರಾಜ್ಯಗಳ ಪೋಲೀಸರಿಂದ ಅಂತರರಾಷ್ಟ್ರೀಯ ಗಡಿಯನ್ನು ಕಾಯುವುದು ಆಗದೆಂದು ಮನವರಿಕೆಯಾಗಿತ್ತು. ಡಿಸೆಂಬರ್ 1ರಂದು ಗಡಿ ಭದ್ರತಾ ಪಡೆ ಜನ್ಮತಾಳಿತು. ಅದರ ಮೊದಲ ಮುಖ್ಯಸ್ಥರು ರುಸ್ತಮ್‌ಜಿ. 1974ರವರೆಗೆ ಅವರು ಆ ಪಡೆಯನ್ನು ಬೆಳೆಸಿದರು. 1971ರ ಬಾಂಗ್ಲಾದೇಶದ ವಿಮೋಚನೆಯಲ್ಲಿ ಅದರ ಪಾತ್ರ ದೊಡ್ಡದು. ಪಡೆಯ ತರಬೇತಿ ಶಾಲೆಗೆ ದೊರೆತ ಜಾಗವೂ ಗ್ವಾಲಿಯರ್ ಸಮೀಪದ ಟೇಕನ್‌ಪುರ, ಎಂದರೆ ಅವರ ಹಳೆಯ ರಣಭೂಮಿಯ ಅಂಚು.

ಅವರು ಬಿಟ್ಟುಬಂದ ಚಂಬಲಿನಲ್ಲಿ ಅಷ್ಟರಲ್ಲಿ ಒಬ್ಬ ಕನ್ನಡನಾಡಿನವರು ನೆಲೆಯೂರಿದ್ದರು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್ ಅವರು ಹದಿಮೂರರ ಹರೆಯದಲ್ಲಿಯೇ ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ಸೆರೆ ಕಂಡವರು. ಖಾದಿ ಅಂಗಿ, ಮೊಳಕಾಲಿನವರೆಗಿನ ಚಡ್ಡಿ, ಬಾಯಲ್ಲಿ ಭಜನೆ, ಇದು ಅವರ ವೇಷ. ಚಂಬಲ್ ಸೀಮೆಯ ಜನರು ಅವರನ್ನು ‘ಭಾಯಿಜಿ’ ಎಂದು ಕರೆದರು. ಮೊರೇನಾ ಜಿಲ್ಲೆಯ ಜೌರಾದಲ್ಲಿ ಅವರು ಸ್ಥಾಪಿಸಿದ ಮಹಾತ್ಮಾ ಗಾಂಧಿ ಸೇವಾಶ್ರಮವು ತರುಣರ ಶ್ರಮದಾನದ ಶಿಬಿರಗಳಿಂದ ಹಳ್ಳಿಗಳಿಗೆ ಹತ್ತಿರವಾಯಿತು.

ವಿನೋಬಾ ಅವರು ಆರಂಭಿಸಿದ ಕೆಲಸ ಅಲ್ಲಿಯೇ ಮುಂದುವರಿಯಿತು. 1971ರಲ್ಲಿ ಮಾಧೋ ಸಿಂಗನು ವೇಷ ಮರೆಸಿಕೊಂಡು, ತಾನೊಬ್ಬ ಕಂತ್ರಾಟುದಾರನೆಂದು ಹೇಳಿಕೊಂಡು ಜಯಪ್ರಕಾಶ ನಾರಾಯಣರ ಮನೆಯ ಬಾಗಿಲು ತಟ್ಟಿದನು. ತಲೆಯ ಮೇಲೆ ಲಕ್ಷ ರೂಪಾಯಿಗೂ ಮೀರಿದ ಬಹುಮಾನವಿದ್ದ ವ್ಯಕ್ತಿಯೇ ಎದುರಿಗೆ ಕುಳಿತಿರುವನೆಂದು ತಿಳಿದಾಗ ಜೆ.ಪಿ. ಅವರು ಪೋಲೀಸರನ್ನು ಕರೆಯಲಿಲ್ಲ; ಅವನ ಮಾತನ್ನು ಕೇಳಿದರು. 1972ರ ಏಪ್ರಿಲ್‌ನಲ್ಲಿ ಜೌರಾದ ವೇದಿಕೆಯ ಮೇಲೆ ಗಾಂಧೀಜಿಯ ಚಿತ್ರದ ಮುಂದೆ ಮೋಹರ್ ಸಿಂಗ್, ಮಾಧೋ ಸಿಂಗ್ ಮತ್ತು ಅವರ ಸಂಗಡಿಗರು ಬಂದೂಕುಗಳನ್ನು ಇಳಿಸಿದರು. ಆ ಅಭಿಯಾನದಲ್ಲಿ ಶರಣಾದವರ ಸಂಖ್ಯೆ ನಾನೂರನ್ನು ದಾಟಿತು.

ಈ ಸಲ ಒಂದು ವ್ಯತ್ಯಾಸವಿದ್ದಿತು. ಸರಕಾರಗಳು ಮೊದಲೇ ಒಪ್ಪಿ ಕೈಜೋಡಿಸಿದ್ದವು. ಗಲ್ಲಿಗೇರಿಸುವುದಿಲ್ಲವೆಂಬ ಭರವಸೆ, ವಿಚಾರಣೆ, ಶಿಕ್ಷೆ, ಕುಟುಂಬಗಳಿಗೆ ಆಸರೆ, ಇವೆಲ್ಲವೂ ಒಂದು ವ್ಯವಸ್ಥೆಯಾಗಿ ಬಂದವು. ಮುಂಗಾವಲಿಯಲ್ಲಿ ಬಯಲು ಬಂದೀಖಾನೆಯೊಂದು ತೆರೆಯಿತು; ಬಂದೂಕು ಹಿಡಿದ ಕೈಗಳು ಅಲ್ಲಿ ನೇಗಿಲು ಹಿಡಿದವು. ಡಕಾಯಿತಿ ಅಲ್ಲಿಗೇ ಮುಗಿಯಲಿಲ್ಲ ನಿಜ. 1983ರಲ್ಲಿ ಭಿಂಡ್‌ನಲ್ಲಿ ಫೂಲನ್ ದೇವಿಯ ಶರಣಾಗತಿಯನ್ನೂ ದೇಶ ನೋಡಬೇಕಾಯಿತು. ಆದರೂ ಬಲ ಮತ್ತು ಕರುಣೆ ಪರಸ್ಪರ ಶತ್ರುಗಳಾಗಬೇಕಿಲ್ಲವೆಂಬುದು ಜೌರಾದಲ್ಲಿ ಸಿದ್ಧವಾಯಿತು. ಸುಬ್ಬರಾವ್ ಅವರು 2021ರಲ್ಲಿ ತೀರಿಕೊಂಡಾಗ ಅವರ ಅಂತ್ಯಕ್ರಿಯೆ ನಡೆದದ್ದೂ ಅದೇ ಜೌರಾದ ಮಣ್ಣಿನಲ್ಲಿ.

ಬಂದೀಖಾನೆಯೊಳಗೆ ಕಂಡದ್ದು

ರುಸ್ತಮ್‌ಜಿಯವರ ಕಥೆ ಗಡಿಯಲ್ಲಿ ಮುಗಿದಿದ್ದರೆ ಅವರು ಸಮರ್ಥ ಅಧಿಕಾರಿಯೆಂದು ಮಾತ್ರ ನೆನಪಿನಲ್ಲಿ ಉಳಿಯುತ್ತಿದ್ದರು. ಅವರ ಬಾಳಿನ ಬಹುದೊಡ್ಡ ಕಾರ್ಯ ಸಮವಸ್ತ್ರವನ್ನು ಕಳಚಿದ ಮೇಲೆ ನಡೆಯಿತು. ಅದು ಬಂದೂಕಿನಿಂದಲ್ಲ, ಲೇಖನಿಯಿಂದ ನಡೆಯಿತು.

1977ರಲ್ಲಿ ರಾಷ್ಟ್ರೀಯ ಪೋಲೀಸ್ ಆಯೋಗ ರಚನೆಯಾಯಿತು. ಅಧ್ಯಕ್ಷರು, ಹಿಂದೆ ಕರ್ನಾಟಕದ ರಾಜ್ಯಪಾಲರಾಗಿದ್ದ ಧರ್ಮವೀರ ಅವರು, ಸದಸ್ಯರಲ್ಲೊಬ್ಬರು ರುಸ್ತಮ್‌ಜಿ. ಆಯೋಗದ ಕೆಲಸದ ನಿಮಿತ್ತ ಅವರು ಬಿಹಾರದ ಸೆರೆಮನೆಗಳನ್ನು ಹೊಕ್ಕರು. ಬಾಳೆಲ್ಲ ಅಪರಾಧಿಗಳನ್ನು ಸೆರೆಮನೆಗೆ ಕಳುಹಿಸಿದವರು ಈಗ ಅದರೊಳಗೆ ಇರುವವರು ಯಾರೆಂದು ವಿಚಾರಿಸಿದರು.

ಕಂಡದ್ದು ಗಬ್ಬರ್ ಸಿಂಗರನ್ನಲ್ಲ. ಸಣ್ಣ ಪುಟ್ಟ ಆಪಾದನೆಗಳ ಮೇಲೆ ಹಿಡಿದುತಂದು ಮರೆತುಬಿಟ್ಟ ಬಡವರನ್ನು. ಜಾಮೀನಿಗೆ ಹಣವಿಲ್ಲ, ವಕೀಲರಿಲ್ಲ, ವಿಚಾರಣೆಯ ದಿನವಿಲ್ಲ. ಐದು, ಏಳು, ಒಂಬತ್ತು ವರ್ಷ, ಕೆಲವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೊಳೆಯುತ್ತಿದ್ದರು. ಅಪರಾಧ ಸಿದ್ಧವಾಗಿದ್ದರೂ ಅಷ್ಟು ಶಿಕ್ಷೆ ಬೀಳುತ್ತಿರಲಿಲ್ಲವೆಂಬಂತಹವರು ಎಷ್ಟೋ ಮಂದಿ. ಯಾವ ತಪ್ಪನ್ನೂ ಮಾಡದೆ, ಸಾಕ್ಷಿಗಳೆಂದೋ ಅನ್ಯಾಯಕ್ಕೆ ಒಳಗಾದವರೆಂದೋ ‘ರಕ್ಷಣೆ’ಯ ಹೆಸರಿನಲ್ಲಿ ಕೂಡಿಹಾಕಲ್ಪಟ್ಟ ಹೆಂಗಸರೂ ಅಲ್ಲಿದ್ದರು.

1979ರ ಜನವರಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ರುಸ್ತಮ್‌ಜಿಯವರ ಲೇಖನಗಳು ಪ್ರಕಟವಾದವು. ಅವನ್ನು ಓದಿದ ದೆಹಲಿಯ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠದ ಮುಂದೆ ಬಂದ ಆ ಮೊಕದ್ದಮೆಗೆ ‘ಹುಸೈನಾರಾ ಖಾತೂನ್ ವಿರುದ್ಧ ಬಿಹಾರ ರಾಜ್ಯ’ ಎಂದು ಹೆಸರು. ತ್ವರಿತವಾದ ವಿಚಾರಣೆಯು ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಒಂದು ಭಾಗವೆಂದು ನ್ಯಾಯಾಲಯವು ಸಾರಿತು. ಈ ತೀರ್ಪಿನ ಫಲವಾಗಿ ಸುಮಾರು 40,000 ವಿಚಾರಣಾಧೀನ ಕೈದಿಗಳು ಬಿಡುಗಡೆ ಕಂಡರೆಂದು ಲೆಕ್ಕ. ನೊಂದವರ ಪರವಾಗಿ ಇನ್ನೊಬ್ಬರು ನ್ಯಾಯಾಲಯಕ್ಕೆ ಹೋಗಬಹುದೆಂಬ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಗಳ ಸಂಪ್ರದಾಯವು ಈ ದೇಶದಲ್ಲಿ ಬೇರುಬಿಟ್ಟದ್ದು ಹೀಗೆ.

ಚಂಬಲಿನಲ್ಲಿ ಗುಂಡಿನ ಪಕ್ಷ ಹಿಡಿದವರು ಮುಪ್ಪಿನಲ್ಲಿ ಕರುಣೆಯ ಪಕ್ಷ ಸೇರಿದರೆ? ಹಾಗೆ ತೋರಬಹುದು. ಆದರೆ ನಿಧಾನಿಸಿ ನೋಡಿದರೆ ಎರಡು ಕಡೆಯೂ ಅವರು ಕೇಳಿದ್ದು ಒಂದೇ: ಕಾನೂನು ಎಲ್ಲರಿಗೂ ಒಂದೇ ಆಗಿರಲಿ. ಬಂದೂಕು ಹಿಡಿದವನೆಂದು ಡಕಾಯಿತನಿಗೆ ರಿಯಾಯಿತಿ ಬೇಡ. ಬಂದೂಕಿಲ್ಲದವನೆಂದು ಬಡವನನ್ನು ಮರೆಯುವುದೂ ಬೇಡ. ಠಾಣೆಯೂ ನ್ಯಾಯಾಲಯವೂ ಅವನ ಮಾತನ್ನು ಕೇಳದೆ ಹೋದಾಗಲಲ್ಲವೆ ಹಳ್ಳಿಗನು ಹಿಂದೊಮ್ಮೆ ಕೊರಕಲಿನ ದಾರಿ ಹಿಡಿದದ್ದು?

1991ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ರುಸ್ತಮ್‌ಜಿಯವರನ್ನು ಅರಸಿಬಂದಿತು. ಪೋಲೀಸ್ ಅಧಿಕಾರಿಯೊಬ್ಬರಿಗೆ ಅದು ಅತ್ಯಪೂರ್ವವಾದ ಗೌರವ. 2003ರ ಮಾರ್ಚ್‌ನಲ್ಲಿ ಅವರು ಮುಂಬಯಿಯಲ್ಲಿ ಕಣ್ಣುಮುಚ್ಚಿದರು.

ಇಂದು ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ಬಿಹಾರದ ಸೆರೆಮನೆಯಲ್ಲಿದ್ದ ಒಬ್ಬ ಬಡಹೆಂಗಸಿನ ಹೆಸರಿನಿಂದ ಆ ತೀರ್ಪನ್ನು ಓದುತ್ತಾರೆ. ಅದರ ತಲೆಬರಹದಲ್ಲಿ ರುಸ್ತಮ್‌ಜಿ ಎಂಬ ಹೆಸರಿಲ್ಲ. ಬೆಂಕಿಯಿಂದ ಮಗುವನ್ನು ಎತ್ತಿತಂದ ಅಧಿಕಾರಿಯ ಹೆಸರು ಜನರ ಬಾಯಲ್ಲಿ ಉಳಿಯದೆ ಗಬ್ಬರ್ ಸಿಂಗನ ಹೆಸರೇ ಉಳಿದಂತೆ, ಇದೂ ಲೋಕದ ರೀತಿ. ಆದರೆ ಮಗು ಬದುಕಿತು. ಸೆರೆಮನೆಯ ಬಾಗಿಲು ತೆರೆಯಿತು.